ಅರ್ಧ ದಿನದ ಹಾಜರಿ

"ಕಾಮಾ, ಫುಲ್‌ಸ್ಟಾಪ್ ಅಷ್ಟ ನೋಡಿಕೊಡ್ರಿ ಅಕ್ಕಾರ. ಉಳಿದದ್ದೆಲ್ಲಾ ಮುಗದದ. ಎಡಿಟಿಂಗ್ ಸೈತ ಆಗೇದ, ಸರ್ಟಿಫಿಕೇಟ್ ಕೊಟ್ಟಾರ."

ಹೀಗೆಂದು ಆ ಹಿರಿಯರು ನಮ್ಮ ಮನೆಯ ಊಟದ ಮೇಜಿನ ಮೇಲೆ ಇನ್ನೂರ ಹತ್ತು ಪುಟಗಳ ಕರಡನ್ನು ಇಟ್ಟರು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಸರ್ಟಿಫಿಕೇಟು. ಚಿನ್ನದ ಬಣ್ಣದ ಅಂಚು, ಕೆಳಗೊಂದು ಮೊಹರು, ನಡುವೆ 'ಈ ಕೃತಿಯನ್ನು ವೃತ್ತಿಪರವಾಗಿ ಸಂಪಾದಿಸಲಾಗಿದೆ' ಎಂಬ ಸಾಲು. ಸಂಪಾದಿಸಿದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಇಷ್ಟು ವರ್ಷ ಪುಣೆಯಲ್ಲಿ ಕೂತು ಕನ್ನಡ ಪುಸ್ತಕಗಳನ್ನು ತಿದ್ದಿದ್ದೇನೆ, ಇಂಥದ್ದೊಂದನ್ನು ನಾನು ಯಾರಿಗೂ ಬರೆದುಕೊಟ್ಟಿಲ್ಲ. ತಿದ್ದಿದ ಪುಸ್ತಕ ಓದಿದರೆ ಗೊತ್ತಾಗುತ್ತದೆ, ಅದಕ್ಕೆ ಮೊಹರು ಯಾಕೆ ಬೇಕು?

ಅವರು ವಿಜಯಪುರದ ಕಡೆಯವರು. ಪುಣೆಯಲ್ಲಿ ದೊಡ್ಡ ಕಟ್ಟಡಗಳು ಏಳುವ ಜಾಗಗಳಲ್ಲಿ ಮೂವತ್ತು ವರ್ಷ ಹಾಜರಿ ಕಾರಕೂನರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಏಳಕ್ಕೆ ಗೇಟಿನ ಬಳಿ ಮೇಜು ಹಾಕಿಕೊಂಡು ಕೂತು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕೂಲಿ ಜನರ ಹಾಜರಿ ಹಿಡಿಯುವುದು ಅವರ ಕೆಲಸವಾಗಿತ್ತು. ಆ ಮೂವತ್ತು ವರ್ಷವನ್ನು ಅವರು ಪುಸ್ತಕ ಮಾಡಿದ್ದರು. ಪ್ರಕಾಶಕರ ಬಾಗಿಲಿಗೆ ಹೋಗಿರಲಿಲ್ಲ. ಟೈಪಿಂಗು, ಎಡಿಟಿಂಗು, ಮುಖಪುಟ, ಮುದ್ರಣ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಮಾಡಿಕೊಡುವ ಒಂದು ಕಂಪನಿಗೆ ಒಪ್ಪಿಸಿದ್ದರು. ಇನ್ನು ಮೂರು ವಾರಕ್ಕೆ ಬಿಡುಗಡೆ. ಸಭಾಂಗಣ ನಿಗದಿಯಾಗಿತ್ತು, ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು.

ನಾನು ಒಲ್ಲೆ ಎನ್ನುವವಳೇ ಇದ್ದೆ. ಕಾಮಾ ಹಾಕಿಸಿಕೊಳ್ಳಲು ಬಂದವರನ್ನು ನಾನು ಸಾಮಾನ್ಯವಾಗಿ ಚಹಾ ಕೊಟ್ಟು ಕಳಿಸುತ್ತೇನೆ. ಆದರೆ ಹಾಳೆ ತಿರುವಿದಾಗ ಅರ್ಪಣೆಯ ಪುಟ ಕಂಡಿತು. 'ಮಣ್ಣಿನಡಿ ಹೋದ ಶರಣಮ್ಮನಿಗೆ' ಎಂದಿತ್ತು.

"ಯಾರ್ರಿ ಇವರು, ಕಾಕಾರ?"

"ನಮ್ಮ ಸೈಟಿನಾಗ ಇಟ್ಟಂಗಿ ಹೊರ್ತಿದ್ದಳ್ರಿ. ಪಾಯಾದ ತೆಗ್ಗು ಕುಸದು ಹೋದಳು. ಈ ಪುಸ್ತಕ ಬರದದ್ದ ಆಕಿ ಸಲುವಾಗಿ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಇಪ್ಪತ್ತ ವರ್ಷಾತು. ಇವತ್ತಿಗೂ ಮರತಿಲ್ಲ."

ಆ ಮಾತಿಗೆ ನಾನು ಸೋತೆ. ಕರಡು ಇಟ್ಟುಕೊಂಡೆ.

ಯಾವ ಹಸ್ತಪ್ರತಿಯಾದರೂ ನನ್ನ ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟುವುದಿಲ್ಲ. ಓದುಗರು ಹೇಗೆ ಓದುತ್ತಾರೋ ಹಾಗೆಯೇ ಓದುತ್ತೇನೆ. ಇಲ್ಲಿ ಮೂರನೇ ಪುಟಕ್ಕೇ ಕೈ ತುರಿಸತೊಡಗಿತು. ಕಾರಕೂನರು ಬರೆದ 'ಹಾಜರಿ' ಅಷ್ಟೂ ಕಡೆ 'ಉಪಸ್ಥಿತಿ' ಆಗಿತ್ತು. ಕೂಲಿಯವರ ಗುಂಪನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮ 'ಮೇಲ್ವಿಚಾರಕ' ಆಗಿದ್ದ. ಹೊತ್ತು ಹುಟ್ಟುವ ಮೊದಲು ರೊಟ್ಟಿ ಬಡಿದು, ಗಂಟು ಕಟ್ಟಿಕೊಂಡು ಬರುವ ಹೆಂಗಸು "ಮೇಲ್ವಿಚಾರಕರೇ, ನನ್ನ ಉಪಸ್ಥಿತಿಯನ್ನು ದಾಖಲಿಸಿ" ಎನ್ನುತ್ತಿದ್ದಳು. ಕಾರಕೂನರ ಕೈಬರಹದ ಪ್ರತಿ ತರಿಸಿ ನೋಡಿದೆ. ಅದರಲ್ಲಿ ಅವಳು "ಮುಕಾದಮ್ರ, ನಂದೊಂದ್ ಹಾಜರಿ ಹಾಕ್ರಿ" ಎಂದಿದ್ದಳು. ನನ್ನ ಮೈ ಉರಿದುಹೋಯಿತು.

ಕಂಪನಿಗೆ ಫೋನ್ ಮಾಡಿದೆ. ಕನ್ನಡದ ಕೆಲಸ ನೋಡಿಕೊಳ್ಳುವವನು ಸೊಲ್ಲಾಪುರದ ಹುಡುಗ, ಮಾತಿನಲ್ಲಿ ಬಲು ಸೌಮ್ಯ.

"ಇದನ್ನ ಎಡಿಟ್ ಮಾಡಿದವರು ಯಾರಪ್ಪಾ?"

"ಸಾಫ್ಟ್‌ವೇರಿನ್ಯಾಗ ಹಾಕಿ ತಗದೀವ್ರಿ ಮ್ಯಾಡಮ್. ಶುದ್ಧ ಭಾಷಾ ಆಗೇದ ನೋಡ್ರಿ."

"ಅದಿರಲಿ. ಓದಿದವರು ಯಾರು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲವೋ ಏನೋ. "ಓದೂದು ಯಾಕ್ರಿ? ಬರದವರು ಓದೇ ಇರ್ತಾರಲ್ರಿ" ಎಂದ.

ನಾನು ಫೋನ್ ಇಟ್ಟೆ. ಇಟ್ಟೆ ಅನ್ನುವುದಕ್ಕಿಂತ ಕುಕ್ಕಿದೆ. ಮನೆಗೊಂದು ಗೋಡೆ ಕಟ್ಟಿಸಬೇಕಾದರೆ ಹತ್ತು ಕಡೆ ವಿಚಾರಿಸಿ ಗೌಂಡಿಯನ್ನು ಕರೆತರುವ ಜನ ನಾವು. ಅವನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡುತ್ತೇವೆ. ಒಂದು ಆಯುಷ್ಯವನ್ನು ಬರೆದಿಟ್ಟ ಪುಸ್ತಕವನ್ನು ಮಾತ್ರ ಯಾರೂ ಓದದೆ ಅಚ್ಚಿಗೆ ಕಳಿಸುತ್ತೇವೆ. ಬರೆದವರು ಓದಿರುತ್ತಾರಂತೆ! ಬರೆದವರಿಗೆ ತಾವು ಬರೆಯಬೇಕೆಂದುಕೊಂಡದ್ದು ಕಾಣುತ್ತದೆಯೇ ಹೊರತು ಬರೆದದ್ದು ಕಾಣುವುದಿಲ್ಲ. ಇದು ಅವರ ತಪ್ಪಲ್ಲ, ನನ್ನ ಬರಹ ನನಗೂ ಹಾಗೆಯೇ. ಅದಕ್ಕೇ ಇನ್ನೊಬ್ಬರು ಬೇಕು.

ಎರಡನೇ ಓದಿಗೆ ಒಂದು ಉದ್ದನೆಯ ಗೆರೆ ಪುಸ್ತಕ ತೆಗೆದುಕೊಂಡು ಕೂರುತ್ತೇನೆ. ಪುಟ, ವ್ಯಕ್ತಿ, ವಯಸ್ಸು, ಗುರುತು, ಸಂಬಂಧ, ಎಲ್ಲಿ, ಯಾವಾಗ ಎಂದು ಸಾಲು ಸಾಲಾಗಿ ಬರೆಯುತ್ತೇನೆ. ಬೇಸರದ ಕೆಲಸ. ಆದರೆ ಕಥೆಯ ಓಟದಲ್ಲಿ ಕಣ್ಣು ಜಾರಿಸಿ ಹೋಗುವುದನ್ನೆಲ್ಲ ಈ ಸಾಲುಗಳು ಹಿಡಿದು ನಿಲ್ಲಿಸುತ್ತವೆ. ಈ ಪುಸ್ತಕದಲ್ಲಿ ಒಂದು ವಿಚಿತ್ರವಿತ್ತು. ಕಾರಕೂನರು ಜನರ ಮುಖವನ್ನು ಎಲ್ಲಿಯೂ ವರ್ಣಿಸಿರಲಿಲ್ಲ, ಬರೀ ಕೈಗಳನ್ನು ವರ್ಣಿಸಿದ್ದರು. ಆ ಗುತ್ತಿಗೆದಾರನ ಕಟ್ಟಳೆಯಂತೆ ಪ್ರತಿ ಬೆಳಿಗ್ಗೆ ಮುಕಾದಮ ಹೆಸರು ಕೂಗುತ್ತಿದ್ದ, ಹೆಸರಿನವರು ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು, ಕಾರಕೂನರು ಅದರ ಪಕ್ಕದಲ್ಲಿ ಒಂದು ಓರೆ ಗೆರೆ ಎಳೆಯುತ್ತಿದ್ದರು. ಸಂಜೆ ಅದರ ಮೇಲೆ ಇನ್ನೊಂದು ಗೆರೆ ಬಿದ್ದು ಕತ್ತರಿಯಾದರೆ ಪೂರಾ ದಿನ. ಒಂದೇ ಗೆರೆ ಉಳಿದರೆ ಅರ್ಧ ದಿನ. ಮೇಜಿನ ಮೇಲೆ ಬಂದು ಹೋಗುವ ಕೈಗಳನ್ನು ಅವರು ಬಹಳ ಚೆನ್ನಾಗಿ ಬರೆದಿದ್ದರು. ಸುಣ್ಣ ತಿಂದ ಉಗುರು, ಸೀಳಿದ ಬೆರಳು, ಒಡೆದ ಬಳೆ.

ಎರಡನೇ ಅಧ್ಯಾಯದಲ್ಲಿ ಶರಣಮ್ಮನ ಬಲಗೈ ಬರುತ್ತದೆ. ಮುಂಗೈಯ ಮೇಲೆ ಚೇಳಿನ ಹಚ್ಚೆ. ಆರನೇ ಅಧ್ಯಾಯದಲ್ಲಿ ಮತ್ತೆ ಅದೇ ಶರಣಮ್ಮ, ಅದೇ ಬಲಗೈ. ಈಗ ಮುಂಗೈ ತುಂಬ ಹಳೆಯ ಸುಟ್ಟ ಕಲೆ, ಹಚ್ಚೆಯ ಮಾತಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಪಾಯದ ತಗ್ಗು ಕುಸಿದಾಗ ಮಣ್ಣಿನಿಂದ ಹೊರಗೆ ಕಂಡದ್ದು ಅದೇ ಸುಟ್ಟ ಕಲೆಯ ಕೈ. ಇಲ್ಲಿಯವರೆಗೆ ಸರಿ, ಚೇಳಿನ ಹಚ್ಚೆಯ ಮೇಲೆಯೇ ಸುಟ್ಟಿರಬಹುದು ಎಂದುಕೊಂಡೆ. ಆದರೆ ಹನ್ನೊಂದನೇ ಅಧ್ಯಾಯದಲ್ಲಿ, ಶರಣಮ್ಮ ಸತ್ತು ಎರಡು ವರ್ಷದ ಮೇಲೆ, ಇನ್ನೊಂದು ಸೈಟಿನಲ್ಲಿ ನಿಂಗಮ್ಮ ಎಂಬ ಹೆಸರಿನ ಹೆಂಗಸು ಹೆಬ್ಬೆಟ್ಟು ಒತ್ತುತ್ತಾಳೆ. ಅವಳ ಮುಂಗೈಯ ಮೇಲೆ ಚೇಳು.

ನನ್ನ ಸಾಲುಗಳಲ್ಲಿ ಆ ಚೇಳು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹೋಗಿತ್ತು.

ಸಂಪಾದಕರು ಮಾಡುವ ಪಾಪವೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ನಾನು ಮೊದಲು ಮಾಡಿದ್ದು ಎರಡನೇ ಅಧ್ಯಾಯದ ಚೇಳನ್ನು ಪೆನ್ಸಿಲಿನಿಂದ ಹೊಡೆದುಹಾಕಿದ್ದು. ಒಂದು ಸಾಲು ಹೋದರೆ ಎಲ್ಲ ಹೊಂದಿಕೊಳ್ಳುತ್ತಿತ್ತು, ಓದುಗರಿಗೂ ಎಲ್ಲಿಯೂ ಎಡವಿದಂತಾಗುತ್ತಿರಲಿಲ್ಲ. ಚಹಾ ಮಾಡಿಕೊಂಡು ಬಂದು ಕೂತಾಗ ನಾಚಿಕೆಯಾಯಿತು. ಇದು ಕಾದಂಬರಿಯಲ್ಲ. ರಬ್ಬರು ತೆಗೆದುಕೊಂಡು ಗೆರೆ ಅಳಿಸಿದೆ, ಅಂಚಿನಲ್ಲಿ ಪ್ರಶ್ನೆ ಬರೆದೆ: 'ಇದು ಒಬ್ಬರ ಕೈಯೋ, ಇಬ್ಬರದೋ?'

ಕಾರಕೂನರನ್ನು ಕರೆಸಿದೆ. ಅರವತ್ತಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ನೋಡಿಯೇ ಅವರ ಮುಖ ಸಣ್ಣದಾಯಿತು. ಮೊದಲಿನವಕ್ಕೆಲ್ಲ ಚಕಚಕನೆ ಉತ್ತರ ಕೊಟ್ಟರು. 'ಉಪಸ್ಥಿತಿ' ತೆಗೆದು 'ಹಾಜರಿ' ಹಾಕೋಣವೆಂದಾಗ ಮಗುವಿನ ಹಾಗೆ ಖುಷಿಪಟ್ಟರು. ಆಮೇಲೆ ಈ ಪ್ರಶ್ನೆ ಬಂತು.

"ಯಾವದು ಚಂದ ಕಾಣಸ್ತದ ಅದನ್ನ ಇಡ್ರಿ ಅಕ್ಕಾರ. ಚೇಳಾದರ ಚೇಳು, ಕಲೆ ಆದರ ಕಲೆ."

"ಚಂದದ ಮಾತಲ್ರಿ ಇದು. ಖರೇ ಯಾವದು?"

"ಎರಡೂ ಖರೇನ. ನಾ ಕಣ್ಣಾರೆ ನೋಡಿ ಬರದೀನಿ."

"ಹಂಗಾದ್ರ ಆಕಿ ಮಾರಿ ಹೆಂಗಿತ್ತು ಹೇಳ್ರಿ."

ಅವರು ಚಹಾದ ಕಪ್ಪು ಮುಟ್ಟಿ ನೋಡಿದರು.

"ಮಾರಿ..." ಎಂದರು. "ಹಿಂದ ನೂರು ಮಂದಿ ಸಾಲು ಹಚ್ಚಿರ್ತಿದ್ರು. ಮುಕಾದಮ ಹೆಸರು ಒದರತಿದ್ದ, ಹೆಬ್ಬೆಟ್ಟ ಬೀಳ್ತಿತ್ತು, ಗೆರಿ ಹಾಕ್ತಿದ್ದೆ. ತಲಿ ಎತ್ತಾಕ ಪುರಸೊತ್ತ ಎಲ್ಲಿತ್ತರಿ?"

ಇಪ್ಪತ್ತು ವರ್ಷದಿಂದ ಮರೆಯದವಳ ಮುಖವನ್ನು ಈ ಮನುಷ್ಯ ಒಮ್ಮೆಯೂ ನೋಡಿರಲಿಲ್ಲ. ಸಿಟ್ಟು ಬಂತು, ಅದರ ಜೊತೆಗೆ ಅವರ ಮೇಲೆ ಅಯ್ಯೋ ಅಂತಲೂ ಅನಿಸಿತು. ಆ ಹೊತ್ತಿಗೆ ಸಿಟ್ಟೇ ಜಾಸ್ತಿ ಇತ್ತು.

"ಒಬ್ಬರ ಹೆಸರಿಲೆ ಇನ್ನೊಬ್ಬರು ಕೆಲಸಕ್ಕ ಬರ್ತಿದ್ರೇನ್ರಿ?"

"ಬದಲಿ ಅಂತಿದ್ರು" ಎಂದರು ಅವರು ಮೆಲ್ಲಗೆ. ಅದೊಂದು ರೂಢಿಯಂತೆ. ಹೆರಿಗೆಗೋ, ಬಿತ್ತನೆಗೋ, ಕಾಯಿಲೆಗೋ ಒಬ್ಬಳು ಊರಿಗೆ ಹೋದರೆ ಅವಳ ಜಾಗ ಕೈಬಿಡಬಾರದೆಂದು ಅಕ್ಕನೋ, ನಾದಿನಿಯೋ ಬಂದು ಅವಳದೇ ಹೆಸರಿನಲ್ಲಿ ದುಡಿಯುತ್ತಿದ್ದಳು. ಗುಂಪಿನವರಿಗೆಲ್ಲ ಗೊತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರು ಬದಲಾಗುತ್ತಿರಲಿಲ್ಲ. "ಅದು ಮುಕಾದಮನ ವ್ಯವಹಾರ ಇತ್ತರಿ. ನಮಗ ಹೆಸರಿನ ಮುಂದ ಒಂದು ಹೆಬ್ಬೆಟ್ಟ ಬಿದ್ದರ ಆತು."

"ಹಂಗಾದ್ರ ಮಣ್ಣಾಗ ಹೋದಾಕಿ ಯಾರ್ರಿ, ಕಾಕಾರ?"

ಅವರು ಎದ್ದು ನಿಂತರು. ಅಷ್ಟು ಮೆತ್ತಗಿನ ಮನುಷ್ಯನ ದನಿ ಏರಿದ್ದನ್ನು ಅವತ್ತೇ ಕೇಳಿದ್ದು. "ಶರಣಮ್ಮ. ಎಲ್ಲಾ ಕಾಗದದಾಗ ಶರಣಮ್ಮ ಅಂತ ಅದ. ನೀವು ಕಾಮಾ ನೋಡ್ತೀರೋ, ಪಂಚನಾಮಾ ಮಾಡ್ತೀರೋ? ನನ್ನ ಪುಸ್ತಕ ಅದು, ನಾ ಬರದೀನಿ."

"ಪುಸ್ತಕ ನಿಮ್ದ ಐತ್ರಿ. ಸತ್ತಾಕಿ ನಿಮ್ಮಾಕಿ ಅಲ್ಲಲ್ರಿ. ಒಂದು ವೇಳೆ ಶರಣಮ್ಮ ಬದುಕಿದ್ದರ? ಬದುಕಿದಾಕಿಗೆ ನೀವು ಪುಸ್ತಕ ಬರದು ಮಣ್ಣ ಹಾಕ್ತೀರಿ. ಸತ್ತಾಕಿ ಹೆಸರ ಇಲ್ಲದ ಹೋಗ್ತಾಳ. ನಾ ಇದಕ್ಕ ಕಾಮಾ ಹಾಕಂಗಿಲ್ಲ."

ಅವರು ಕರಡನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಚಪ್ಪಲಿ ಮೆಟ್ಟುವಾಗ ಹೋಗಿಬರ್ತೀನಿ ಎಂದೂ ಅನ್ನಲಿಲ್ಲ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದೆ. ಮಾತು ಜೋರಾಯಿತೇನೋ ಎಂದು ಒಂದು ಕಡೆ, ಇನ್ನೂ ಜೋರಾಗಿ ಹೇಳಬೇಕಿತ್ತು ಎಂದು ಇನ್ನೊಂದು ಕಡೆ. ಬಿಡುಗಡೆಗೆ ಹದಿನೈದು ದಿನ ಉಳಿದಿತ್ತು. ಅವರು ಕಂಪನಿಗೆ ಹ್ಞೂಂ ಅಂದರೆ ಸಾಕು, ಮುದ್ರಣ ಶುರುವಾಗುತ್ತಿತ್ತು.

ಮೂರನೇ ದಿನ ಫೋನು ಬಂತು. "ಆ ಮುಕಾದಮ ಈಗ ಇಂದಾಪುರದಾಗ ಇದ್ದಾನ್ರಿ. ನಂಬರ್ ಸಿಕ್ತು. ಫೋನಿನ್ಯಾಗ ಹೇಳಂಗಿಲ್ಲ, ಬಂದು ಮಾತಾಡ್ರಿ ಅಂದ. ನಾಳೆ ಮುಂಜಾನೆ ಆರಕ್ಕ ಸ್ವಾರಗೇಟ ಬಸ್ ಸ್ಟ್ಯಾಂಡಿಗೆ ಬರ್ತೀರಿ?" ನಡುವೆ ತಡೆದು ಅವರೇ ಹೇಳಿದರು, "ಎರಡ ದಿನ ನಿದ್ದಿ ಇಲ್ಲರಿ ಅಕ್ಕಾರ. ಮಾರಿ ನೆನಪು ಮಾಡ್ಕೋತ ಕುಂತೀನಿ, ಒಂದೂ ನೆನಪಾಗವಲ್ದು."

ಎಸ್‌ಟಿ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ತೊಡೆಯ ಮೇಲೆ ಒಂದು ಕೆಂಪು ಬಟ್ಟೆಯ ಗಂಟಿತ್ತು. ಗುತ್ತಿಗೆದಾರ ರದ್ದಿಗೆ ಹಾಕಿದ ಹಳೆಯ ಹಾಜರಿ ಪುಸ್ತಕಗಳನ್ನು ಅವರು ಕಾಪಾಡಿಕೊಂಡಿದ್ದರು, ಅದರಲ್ಲಿ ಆ ವರ್ಷದ್ದನ್ನು ತಂದಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಸಾಗಿ ಇಂದಾಪುರ ಮುಟ್ಟುವಾಗ ಹತ್ತೂವರೆ ದಾಟಿತ್ತು.

ಮುಕಾದಮನ ಮನೆ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಎರಡು ಕೋಣೆ, ಮುಂದೆ ತಗಡಿನ ಚಪ್ಪರ. ಅವನಿಗೆ ಈಗ ಮೊಣಕಾಲು ನೋವು, ಗೋಡೆಗೆ ಒರಗಿ ಕೂತಿದ್ದ. ಕಾರಕೂನರನ್ನು ಕಂಡು ಏಳಲು ನೋಡಿದ, ಅವರು ಬೇಡವೆಂದರು. ಚಾಪೆ ಹಾಸಿದರು, ಕೂತೆವು. ಒಳಗಿಂದ ಒಬ್ಬ ಹೆಂಗಸು ನೀರಿನ ತಂಬಿಗೆ ತಂದು ಕಾರಕೂನರ ಮುಂದೆ ಹಿಡಿದಳು.

ಅವರು ರೂಢಿಯಂತೆ ತಲೆ ತಗ್ಗಿಸಿಯೇ ಕೈ ಚಾಚಿದ್ದರು. ಚಾಚಿದ ಕೈ ಅಲ್ಲಿಯೇ ನಿಂತಿತು. ತಂಬಿಗೆ ಹಿಡಿದ ಮುಂಗೈಯ ಮೇಲೆ ಚೇಳಿತ್ತು. ಹಸಿರು ಮಾಸಿ ಕಪ್ಪಾಗಿತ್ತು, ಕೊಂಡಿ ಮಣಿಕಟ್ಟಿನ ಕಡೆಗೆ ಬಾಗಿತ್ತು. ಎರಡನೇ ಅಧ್ಯಾಯದಲ್ಲಿ ಬರೆದಿದ್ದರಲ್ಲ, ಹಾಗೆಯೇ.

"ನೀರ ತಗೋರಿ ಕಾರಕೂನ್ರ" ಎಂದಳು ಅವಳು. "ನಾ ಶರಣಮ್ಮ."

ಅವರು ತಂಬಿಗೆ ತೆಗೆದುಕೊಳ್ಳಲಿಲ್ಲ. ಅವಳೇ ಕೆಳಗಿಟ್ಟು ಎದುರಿಗೆ ಕೂತಳು. ಬಿಳಿಗೂದಲು, ಅಗಲ ಹಣೆ, ಒಂದು ಹುಬ್ಬಿನ ಮೇಲೆ ಸಣ್ಣ ಮಚ್ಚೆ. ಇದನ್ನು ನಾನು ಬರೆದುಕೊಂಡೆ, ಯಾಕೆಂದರೆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಅವಳು ಮುಕಾದಮನ ಅಕ್ಕನ ಮಗಳಂತೆ. ನಾವು ಬರುವ ಸುದ್ದಿ ಕೇಳಿ ಅವನೇ ಅವಳನ್ನು ಕರೆಸಿದ್ದ.

"ಮತ್ತ ಸತ್ತಾಕಿ?" ಎಂದರು ಕಾರಕೂನರು.

"ನನ್ನ ನೆಗೆಣ್ಣಿ ನಿಂಗಮ್ಮ. ನನ್ನ ಮೈದುನನ ಹೇಣ್ತಿ. ನಾ ಹಡ್ಯಾಕ ಊರಿಗಿ ಹೋಗಿದ್ದೆ, ನನ್ನ ಜಾಗಾಕ ಬಂದಿದ್ಲು. ಬಾಣಂತನ ಮುಗೀತಂದ್ರ ನಾ ವಾಪಸ್ ಬರಾಕಿ ಇದ್ದೆ. ಇನ್ನೊಂದ್ ಎಂಟು ದಿನ ಇರು, ಕೂಸು ಸಣ್ಣದೈತಿ ಅಂತ ಆಕಿನೇ ಹೇಳಿ ಕಳಿಸಿದ್ಲು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಎಂಟು ದಿನದಾಗ ಹೋದ್ಲು."

ಮುಂದಿನದನ್ನು ಮುಕಾದಮ ಹೇಳಿದ. ಹಾಜರಿ ಪುಸ್ತಕದಲ್ಲಿ ಶರಣಮ್ಮ ಎಂದಿತ್ತು, ಆದ್ದರಿಂದ ಸತ್ತವಳು ಶರಣಮ್ಮ ಎಂದೇ ಕಾಗದಗಳಾದವು. ಬದಲಿ ಎಂದು ಬಾಯಿಬಿಟ್ಟರೆ ಇಡೀ ಗುಂಪನ್ನೇ ಸೈಟಿನಿಂದ ಎಬ್ಬಿಸುತ್ತಾರೆಂಬ ಭಯ. ಎಲ್ಲರೂ ಸುಮ್ಮನಾದರು, ಅವನೂ ಸುಮ್ಮನಾದ. ಎರಡು ವರ್ಷ ಕಳೆದು ಶರಣಮ್ಮ ಮತ್ತೆ ಕೂಲಿಗೆ ಬಂದಾಗ ಅವಳ ಹೆಸರು ಸತ್ತಿತ್ತು. ಉಳಿದಿದ್ದು ನಿಂಗಮ್ಮನ ಹೆಸರು.

"ಆಕಿ ನನ್ನ ಹೆಸರಿಲೆ ಸತ್ತಳು. ನಾ ಆಕಿ ಹೆಸರಿಲೆ ದುಡದೆ" ಎಂದಳು ಶರಣಮ್ಮ. "ಆಕಿಗೆ ಮಕ್ಕಳಿಲ್ಲ. ಮೈದುನಾನೂ ಹೋದ. ಒಂದು ಫೋಟೋ ಸೈತ ಇಲ್ರಿ. ನಾ ಹೋದ ಮ್ಯಾಲ ನಿಂಗಮ್ಮ ಅಂತ ಒಬ್ಬಾಕಿ ಇದ್ದಳಂತ ಹೇಳಾಕ ಯಾರಿದ್ದಾರ?"

ಕಾರಕೂನರು ಅವಳ ಕೈಯನ್ನೇ ನೋಡುತ್ತಿದ್ದರು. ಅದು ಅವಳಿಗೂ ಕಂಡಿತು.

"ಮಾರಿ ನೋಡ್ರಿ ಕಾರಕೂನ್ರ" ಎಂದಳು. ಕೂಗಾಡಲಿಲ್ಲ, ಬೈಯಲಿಲ್ಲ. "ಅವತ್ತ ನೀವು ಒಮ್ಮಿ ತಲಿ ಎತ್ತಿ ನೋಡಿದ್ರ, ಇಕಿ ಶರಣಮ್ಮ ಅಲ್ಲ ಅಂತ ನಿಮಗ ತಿಳೀತಿತ್ತು."

ಅವರು ತಲೆ ಎತ್ತಿದರು. ಎಷ್ಟು ಹೊತ್ತು ನೋಡಿದರೋ, ನಾನು ಬೇರೆ ಕಡೆ ತಿರುಗಿಕೊಂಡೆ.

ಪುಣೆಗೆ ಮರಳುವ ಬಸ್ಸು ಹೊರಡುವ ಮೊದಲೇ, ಇಂದಾಪುರದ ಸ್ಟ್ಯಾಂಡಿನಲ್ಲಿ ನಿಂತು ಅವರು ಕಂಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಫೈಲು ಲಾಕ್ ಆಗಿದೆ, ಆತಾ ಕಾಯ್ ಕರ್ಣಾರ, ಈಗೇನು ಮಾಡಲಿಕ್ಕಾಗುತ್ತದೆ ಎಂದು ಸೊಲ್ಲಾಪುರದವ ಮರಾಠಿಯಲ್ಲಿ ಕೈಚೆಲ್ಲಿದ. ಕೊನೆಗೊಂದು ದೊಡ್ಡ ಉಪಾಯ ಹೇಳಿದ: "ಈಗ ಹಿಂಗ ಬರಲಿ ಕಾಕಾ. ಎರಡನೇ ಆವೃತ್ತಿಯಾಗ ಹೆಸರು ಚೇಂಜ್ ಮಾಡೋಣಲ್ಲ."

ನನ್ನ ಬಾಯಿಂದ ಏನು ಬರುತ್ತಿತ್ತೋ ದೇವರೇ ಬಲ್ಲ. ನಾನು ಫೋನು ಕಿತ್ತುಕೊಳ್ಳುವ ಮೊದಲೇ ಕಾರಕೂನರು ಮಾತಾಡಿದರು. "ಇಪ್ಪತ್ತ ವರ್ಷ ಕಾದಾಳಪಾ ಆಕಿ. ಇನ್ನ ಕಾಯಂಗಿಲ್ಲ. ಪುಸ್ತಕ ನಿಲ್ಲಸು. ಬಿಡುಗಡಿ ನಾ ಮುಂದ ಹಾಕ್ತೀನಿ." ಹುಡುಗ ಸಭಾಂಗಣ, ಆಮಂತ್ರಣ ಎಂದು ಏನೋ ಶುರುಮಾಡಿದ. ಅವರು ಫೋನು ಜೇಬಿಗಿಟ್ಟು ಬಸ್ಸು ಹತ್ತಿದರು.

ಆ ಬಳಿಕ ಎರಡು ತಿಂಗಳು ನಾವು ಕೆಲಸ ಮಾಡಿದೆವು. ಕೆಲಸ ಅವರದೇ, ನನ್ನದು ಪೀಡಿಸುವುದು. ನಾಲ್ಕು ಅಧ್ಯಾಯ ಹೊಸದಾಗಿ ಬರೆದರು. ಮೊದಲ ಸಲ ಬರೆದು ತಂದಾಗ ತಮ್ಮ ತಪ್ಪನ್ನು 'ಅಂದಿನ ವ್ಯವಸ್ಥೆ ಹಾಗಿತ್ತು' ಎಂಬ ಸಾಲಿನ ಹಿಂದೆ ಬಚ್ಚಿಟ್ಟಿದ್ದರು. ಆ ಸಾಲಿಗೆ ಸುತ್ತು ಹಾಕಿ, 'ವ್ಯವಸ್ಥೆಯ ಮೇಜಿನ ಹಿಂದೆ ಕೂತವರು ಯಾರು?' ಎಂದು ಅಂಚಿನಲ್ಲಿ ಬರೆದೆ. ಅವರು ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಬಂದ ಹಾಳೆಯಲ್ಲಿ ಹೀಗಿತ್ತು: 'ನಾನು ತಲೆ ಎತ್ತಲಿಲ್ಲ.' ಅದೊಂದು ವಾಕ್ಯಕ್ಕೆ ನಾನು ಪೆನ್ಸಿಲ್ ತಾಗಿಸಲಿಲ್ಲ. ಉಳಿದ ಇನ್ನೂರು ಪುಟ ಅದನ್ನು ಹೇಳಲು ಒದ್ದಾಡುತ್ತಿದ್ದವು.

ಸ್ವಂತ ಪುಸ್ತಕ ಮಾಡಿಕೊಳ್ಳುವವರು ಸಂಪಾದಕರೆಂದರೆ ಹೆದರುತ್ತಾರೆ. ತಮ್ಮ ದನಿ ಹೋಗುತ್ತದೆ ಎನ್ನುತ್ತಾರೆ. ದನಿಯನ್ನು ಕಳೆದದ್ದು ಯಾರೂ ಓದದೆ ಕೊಟ್ಟ ಆ ಸರ್ಟಿಫಿಕೇಟು. ನಾನು ಮಾಡಿದ್ದು ಇಷ್ಟೇ, ಅವರು ಬರೆದ ಕೈಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ್ದು. ಇದಕ್ಕೆ ಮಹಾ ಪಾಂಡಿತ್ಯ ಬೇಕಿಲ್ಲ. ಒಬ್ಬ ಹೊರಗಿನವರು ಕೂತು, ಪುಟ ಪುಟವನ್ನೂ ನಿಜವೆಂದು ನಂಬಿ ಓದಬೇಕು, ಅಷ್ಟೇ. ಅಷ್ಟನ್ನೂ ಮಾಡದೆ ಮೊಹರು ಒತ್ತುವವರನ್ನು ಕಂಡರೆ ನನಗೆ ಇವತ್ತಿಗೂ ರಕ್ತ ಕುದಿಯುತ್ತದೆ.

ಕೊನೆಯ ಕರಡು ಹಿಡಿದುಕೊಂಡು ಮತ್ತೆ ಇಂದಾಪುರಕ್ಕೆ ಹೋದೆವು. ಇದು ನನ್ನ ಶರತ್ತಾಗಿತ್ತು. ಯಾರ ಬದುಕನ್ನು ಬರೆದಿದ್ದೇವೋ ಅವರು ಕೇಳದೆ ಅಚ್ಚಿಗೆ ಹೋಗಬಾರದು. ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ ಶರಣಮ್ಮ, "ನಂದು ಬೇಕಾದ್ರ ಬಿಡ್ರಿ, ಆಕಿದು ಹಾಕ್ರಿ" ಎಂದಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಕಾರಕೂನರು ಒಂಬತ್ತನೇ ಅಧ್ಯಾಯವನ್ನು ಜೋರಾಗಿ ಓದಿದರು. ಸಾಲೊಂದು ಮುಗಿದಾಗಲೆಲ್ಲ ತಲೆ ಎತ್ತಿ ಅವಳನ್ನು ನೋಡುತ್ತಿದ್ದರು. ಕೆಲವು ಕಡೆ ಅವಳು ತಿದ್ದಿದಳು. ನಿಂಗಮ್ಮನ ಮುಂಗೈ ಸುಟ್ಟದ್ದು ಒಲೆಯಿಂದಲ್ಲ, ಕುದಿವ ಡಾಂಬರಿನಿಂದ ಎಂದಳು. ನಿಂಗಮ್ಮನಿಗೆ ಎಲ್ಲರಿಗಿಂತ ಜೋರು ನಗು ಇತ್ತು, ಅದನ್ನೂ ಬರೀರಿ ಎಂದಳು. ಎಲ್ಲವನ್ನೂ ಬರೆದುಕೊಂಡೆ.

ಅಧ್ಯಾಯದ ಕೊನೆಯಲ್ಲಿ ಮೊದಲಿನಿಂದಲೂ ಒಂದು ವಾಕ್ಯವಿತ್ತು. ನಾನು ಅದರ ಕೆಳಗೆ ಗೆರೆ ಎಳೆದಿದ್ದೆ, ಪ್ರಶ್ನೆ ಏನು ಬರೆಯಬೇಕೋ ತಿಳಿಯದೆ ಬಿಟ್ಟಿದ್ದೆ. ಕಾರಕೂನರು ಓದಿದರು: 'ಆ ದಿನ ಅವಳ ಹೆಸರಿನ ಮುಂದೆ ಅರ್ಧ ಹಾಜರಿ ಉಳಿಯಿತು.'

"ಅರ್ಧ ಯಾಕ್ರಿ?" ಎಂದಳು ಶರಣಮ್ಮ.

"ಮಣ್ಣ ಕುಸದದ್ದು ಹನ್ನೊಂದಕ್ಕವಾ. ಊಟದ ಸುಟ್ಟಿಗಿಂತ ಮೊದಲ ಹೋದವರಿಗೆ ಅರ್ಧ ದಿನ, ಅದು ನೇಮ ಇತ್ತು. ಸಂಜಿ ಗೆರಿ ಬೀಳಲಿಲ್ಲ."

"ಆಕಿ ಎಲ್ಲಿ ಹೋದಳ್ರಿ?" ಶರಣಮ್ಮ ಬಿಡಲಿಲ್ಲ. "ಹೊರಗ ತಗದದ್ದು ಸಂಜಿ ಆರಕ್ಕಂತ. ಅಲ್ಲೀತನ ಆಕಿ ನಿಮ್ಮ ಸೈಟಿನಾಗ ಇದ್ದಳಲ್ರಿ, ಮಣ್ಣಾಗ. ಪೂರಾ ದಿನ ಹಾಕ್ರಿ."

ಕಾರಕೂನರು ಈ ಸಲವೂ ತಂದಿದ್ದ ಕೆಂಪು ಬಟ್ಟೆಯ ಗಂಟು ಬಿಚ್ಚಿದರು, ಹಾಜರಿ ಪುಸ್ತಕ ತೆರೆದರು, ಆ ತಾರೀಖಿನ ಪುಟಕ್ಕೆ ಬಂದರು. ಶರಣಮ್ಮ ಎಂಬ ಹೆಸರಿನ ಮುಂದೆ ಬೆಳಗಿನ ಹೆಬ್ಬೆಟ್ಟಿತ್ತು. ಶಾಯಿ ಕಂದಿದ್ದರೂ ಬೆರಳಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಫೋಟೋ ಇಲ್ಲದ ನಿಂಗಮ್ಮ ಈ ಲೋಕದಲ್ಲಿ ಬಿಟ್ಟುಹೋದ ಕೊನೆಯ ಗುರುತು ಅದು. ಪಕ್ಕದಲ್ಲಿ ಒಂಟಿ ಓರೆ ಗೆರೆ.

ಅವರು ನನ್ನ ಪೆನ್ನು ಕೇಳಿ ತೆಗೆದುಕೊಂಡರು. ಹೆಸರನ್ನು ಹೊಡೆದು, ಮೇಲೆ 'ನಿಂಗಮ್ಮ' ಎಂದು ದುಂಡಗೆ ಬರೆದರು. ಆಮೇಲೆ ಆ ಒಂಟಿ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದರು. ಗೆರೆ ಸ್ವಲ್ಪ ಸೊಟ್ಟಗಾಯಿತು.

ಶರಣಮ್ಮ ಚೇಳಿನ ಕೈ ಚಾಚಿ ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟಳು. ಇಟ್ಟು, "ಈಗ ಮನಿಗಿ ಹೋಗು ಯವ್ವಾ, ಹೊತ್ತ ಮುಳಗೇತಿ" ಎಂದಳು.